ಅಂಜುಬುರುಕಿ ಟೀಚರ್

ನಮ್ಮ ಟೀಚರ ಗದ್ದದ ಅಡಿಯಲ್ಲಿ, ಕುತ್ತಿಗೆ ಶುರುವಾಗುವ ಜಾಗದಲ್ಲಿ, ಮೆಣಸಿನಕಾಳಿನಷ್ಟು ದಪ್ಪನೆಯ ಕಪ್ಪು ಮಚ್ಚೆಯಿತ್ತು. ಎದುರು ನಿಂತು ಮಾತಾಡುವವರ ಕಣ್ಣಿಗೆ ಬೀಳದ ಮಚ್ಚೆ ಅದು. ಊರಿನ ದೊಡ್ಡವರಾರಿಗೂ ಅದು ಇದ್ದದ್ದೇ ಗೊತ್ತಿರಲಿಲ್ಲ. ಶಾಲೆಯ ಹತ್ತೊಂಬತ್ತು ಮಕ್ಕಳಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಪಾಠ ಹೇಳುತ್ತ ಹೇಳುತ್ತಲೇ ಅವರು ಗಕ್ಕನೆ ಮಾತು ನಿಲ್ಲಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ತಾರಸಿ ನೋಡುತ್ತಿದ್ದರು. ನೆಲದ ಮೇಲೆ ಕೂತ ನಮಗೆ ಆಗ ಅವರ ಮುಖ ಮರೆಯಾಗಿ ಕುತ್ತಿಗೆ ಕಾಣುತ್ತಿತ್ತು. ಅವರು ಉಗುಳು ನುಂಗಿದಾಗ ಮಚ್ಚೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಅದು ಎರಡು ಮೂರು ಸಲ ಹೋಗಿ ಬಂದ ಮೇಲೆ ಟೀಚರ್ ತಲೆ ಇಳಿಸಿ, "ಎಲ್ಲಿದ್ವಿ?" ಎಂದು ನಮ್ಮನ್ನೇ ಕೇಳುತ್ತಿದ್ದರು.

ದೇವಸಮುದ್ರದಿಂದ ಒಳರಸ್ತೆ ಹಿಡಿದರೆ ಸಿಗುವ ಊರು ನಮ್ಮದು. ಸುತ್ತ ಶೇಂಗಾ ಹೊಲ, ಹೊಲ ಮುಗಿದಲ್ಲಿ ಗುಂಡುಕಲ್ಲಿನ ಗುಡ್ಡ, ಅದರಾಚೆ ಸ್ವಲ್ಪ ದೂರಕ್ಕೆ ಆಂಧ್ರ. ಐದನೇ ತರಗತಿಯವರೆಗಿನ ಶಾಲೆಗೆ ಎರಡು ಕೋಣೆ. ಒಂದರ ಗೋಡೆ ಮೇಲಿಂದ ಕೆಳಗಿನವರೆಗೆ ಬಿರುಕು ಬಿಟ್ಟು, ನಾನು ಸೇರುವ ಮೊದಲೇ ಅದಕ್ಕೆ ಬೀಗ ಬಿದ್ದಿತ್ತು. ಉಳಿದ ಇನ್ನೊಂದರಲ್ಲಿ ಐದೂ ತರಗತಿ. ಟೀಚರ್ ಒಬ್ಬರೇ. ಚಳ್ಳಕೆರೆಯಿಂದ ಎರಡು ಬಸ್ಸು ಬದಲಿಸಿ ದಿನಾ ಬರುತ್ತಿದ್ದರು.

ಅವರಿಗೆ ಎಲ್ಲಕ್ಕೂ ಹೆದರಿಕೆ. ಬಸ್ಸಿಳಿದವರು ನಮ್ಮ ಮನೆಯ ಮುಂದೆಯೇ ನಿಂತುಬಿಡುತ್ತಿದ್ದರು. ಶಾಲೆಯವರೆಗಿನ ಓಣಿಯಲ್ಲಿ ನಾಲ್ಕು ನಾಯಿಗಳಿದ್ದವು. ಅವ್ವ ನನ್ನನ್ನು ಕೂಗಿ, "ಹೋಗೇ, ಟೀಚರಮ್ಮನ್ನ ಕರ್ಕೊಂಡ್ಹೋಗು" ಎನ್ನುತ್ತಿದ್ದಳು. ನಾನು ಮುಂದೆ, ಅವರು ನನ್ನ ಚೀಲದ ಪಟ್ಟಿ ಹಿಡಿದುಕೊಂಡು ಹಿಂದೆ. ಎಮ್ಮೆ ಎದುರಾದರೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಗುಡುಗಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಊರಿನ ಗಂಡಸರು ಕಟ್ಟೆಯ ಮೇಲೆ ಕೂತು ಅವರಿಗೆ ಅಂಜುಬುರುಕಿ ಟೀಚರ್ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. "ಅವರು ಅಂದಿದ್ರಲ್ಲಿ ಸುಳ್ಳೇನೈತೆ?" ಎಂದು ಅವ್ವನ ಹತ್ತಿರ ನಕ್ಕಿದ್ದರು.

ಶಾಲೆಗೆ ಬರಬೇಕಾದ್ದು ಯಾವುದೂ ಹೊತ್ತಿಗೆ ಬರುತ್ತಿರಲಿಲ್ಲ. ಪುಸ್ತಕ ದಸರೆಗೆ ಸ್ವಲ್ಪ ಮೊದಲು ಬರುತ್ತಿತ್ತು. ಇದ್ದ ಒಂದು ಹಲಗೆ ಐದು ತರಗತಿಗೆ ಎಲ್ಲಿ ಸಾಕು? ಅವರು ಒಂದು ಭಾನುವಾರ ಕಪ್ಪು ಬಣ್ಣದ ಡಬ್ಬ ತಂದು, ನಾವು ಕೂತರೆ ಕೈಗೆಟುಕುವಷ್ಟು ಎತ್ತರಕ್ಕೆ ಗೋಡೆಯ ಸುತ್ತ ಬಳಿದರು. ಆಮೇಲೆ ನಮಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಮೊಳ ಹಲಗೆ. ಒಂದನೇ ತರಗತಿಯ ಅರ್ಧ ಮಕ್ಕಳಿಗೆ ಮನೆಯಲ್ಲಿ ತೆಲುಗು. ಮಕ್ಕಳು ಕನ್ನಡ ಕಲಿಯುವವರೆಗೆ ಕಾಯುವ ಬದಲು ಟೀಚರೇ ತೆಲುಗು ಕಲಿತರು. ಕಲಿಸಿದ್ದು ಓಬಮ್ಮ. ಆರು ವರ್ಷದ, ಮೂಗು ಸೋರುವ, ಶಾಲೆಯಲ್ಲೇ ಚಿಕ್ಕ ಹುಡುಗಿ. ಓಬಮ್ಮ ಹೇಳಿದ್ದನ್ನು ಟೀಚರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮರುದಿನ ಅವಳಿಗೇ ಒಪ್ಪಿಸುತ್ತಿದ್ದರು. ತಪ್ಪಾದರೆ ಓಬಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು.

ಒಂದು ದಿನ ಟೀಚರ್ ತಾರಸಿ ನೋಡುತ್ತ ನಿಂತಿದ್ದಾಗ ಓಬಮ್ಮ ಅವರ ಸೀರೆ ಜಗ್ಗಿ ಕೇಳಿದಳು:

"ಟೀಚರ್, ಭಯಮಾ ನೀಕು?"

ಬೇರೆ ಯಾವ ದೊಡ್ಡವರಾಗಿದ್ದರೂ ಇಲ್ಲ ಎನ್ನುತ್ತಿದ್ದರು. ಇವರು ಅವಳ ಮಟ್ಟಕ್ಕೆ ಬಗ್ಗಿ, "ಅವುನಮ್ಮ, ಭಯಮೇ" ಎಂದು ಹೌದೆಂದರು.

ನನಗೆ ತಾರಸಿಯ ಮೇಲೆ ಹೆದರಿಕೆ ಹುಟ್ಟಿದ್ದು ಅವತ್ತು. ಅಲ್ಲಿಯವರೆಗೂ ಅದು ಬರೀ ತಾರಸಿ. ಅವತ್ತು ಮೊದಲ ಸಲ ನಾನೂ ತಲೆಯೆತ್ತಿ ಸರಿಯಾಗಿ ನೋಡಿದೆ. ಅಲ್ಲಲ್ಲಿ ಗಾರೆ ಉದುರಿ, ತುಕ್ಕು ಹಿಡಿದ ಕಬ್ಬಿಣದ ಸರಳುಗಳು ಹೊರಗೆ ಬಂದಿದ್ದವು. ಅವುಗಳ ಸುತ್ತ ನೀರು ಇಳಿದ ಕಂದು ಕಲೆಗಳು. ಅಂದಿನಿಂದ ರಾತ್ರಿ ಮಲಗಿದರೂ ಕಣ್ಣ ಮುಂದೆ ಆ ಸರಳುಗಳೇ ಬರುತ್ತಿದ್ದವು.

ಮಳೆ ಬಂದ ಮರುದಿನ ಅವರದೊಂದು ಕೆಲಸವಿತ್ತು. ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿ, ಜೇಡರ ಬಲೆ ತೆಗೆಯುವ ಬಿದಿರು ಗಳದಿಂದ ತಾರಸಿಯನ್ನು ಉದ್ದಕ್ಕೂ ಬಡಿದು ನೋಡುತ್ತಿದ್ದರು. ಗಟ್ಟಿ ಇದ್ದಲ್ಲಿ ಟಕ್ ಟಕ್ ಅನ್ನುವುದು. ಒಳಗೆ ಗಾರೆ ಬಿಟ್ಟುಕೊಂಡಿದ್ದರೆ ಡಬ್ ಡಬ್ ಅನ್ನುವುದು. ಡಬ್ ಎಂದ ಜಾಗದ ಕೆಳಗೆ, ನೆಲದ ಮೇಲೆ, ಸೀಮೆಸುಣ್ಣದಿಂದ ದುಂಡಗೆ ಗೆರೆ ಎಳೆಯುತ್ತಿದ್ದರು. ಆ ಗೆರೆಯೊಳಗೆ ಯಾರೂ ಕೂರುವಂತಿಲ್ಲ. ಜೂನ್‌ನಲ್ಲಿ ಎರಡು ಗೆರೆಯಿದ್ದವು. ಆಗಸ್ಟ್ ಮುಗಿಯುವ ಹೊತ್ತಿಗೆ ಏಳಾದವು. ಹತ್ತೊಂಬತ್ತು ಮಂದಿ ಗೋಡೆಯ ಪಕ್ಕ ಮೊಣಕಾಲು ಮಡಚಿ ಒತ್ತೊತ್ತಾಗಿ ಕೂರುತ್ತಿದ್ದೆವು. ನಡುವೆ ಕೋಣೆ ಖಾಲಿ.

ಇನ್ನೊಂದು ಅಭ್ಯಾಸವನ್ನೂ ಮಾಡಿಸಿದ್ದರು. ಅವರು ಎರಡು ಸಲ ಚಪ್ಪಾಳೆ ತಟ್ಟಿದರೆ ಚೀಲ, ಪುಸ್ತಕ, ತಟ್ಟೆ ಏನನ್ನೂ ಮುಟ್ಟದೆ ಹೊರಗೆ ಹೋಗಬೇಕು. ಮೊದಲು ಚಿಕ್ಕವರು, ಆಮೇಲೆ ದೊಡ್ಡವರು. ಬೇವಿನ ಮರದ ಕೆಳಗೆ ಸಾಲಾಗಿ ನಿಂತು ಎಣಿಸಿಕೊಳ್ಳಬೇಕು. ಯಾವಾಗ ಬೇಕಾದರೂ ಚಪ್ಪಾಳೆ ಬೀಳುತ್ತಿತ್ತು. ನಮಗದು ಆಟ. ಅವರ ಮುಖ ನೋಡಿದರೆ ಮಾತ್ರ ಆಟ ಅನಿಸುತ್ತಿರಲಿಲ್ಲ.

ಒಂದು ಸಂಜೆ ಬಸ್ಸಿಗೆ ಕಾಯುತ್ತ ನಮ್ಮ ಮನೆ ಕಟ್ಟೆಯ ಮೇಲೆ ಕೂತಿದ್ದರು. ಅವ್ವ ಶೇಂಗಾ ಬಿಡಿಸುತ್ತಿದ್ದಳು.

"ಅಷ್ಟು ಹೆದರಿಕೆ ಇದ್ರೆ ಮೇಲಿನೋರಿಗೆ ಬರೀಬಾರ್ದೇನ್ರಿ ಟೀಚರಮ್ಮ?" ಎಂದು ಕೇಳಿದಳು ಅವ್ವ.

"ರಿಪೇರಿ ಮಾಡಿಸ್ರಿ ಅಂತ ಎರಡ್ಸಲ ಬರೆದೀನಿ. ಮಕ್ಕಳು ಕಡಿಮೆ ಅವ್ರೆ, ನೋಡೋಣ ಅಂದ್ರು."

"ಬಿದ್ಹೋಗ್ತೈತೆ ಅಂತ ಬರೀರಿ."

ಟೀಚರ್, "ಹಂಗೆ ಬರೆದ್ರೆ ಮರುದಿನಾನೇ ಬೀಗ ಹಾಕ್ತಾರವ್ವ" ಎಂದರು. "ಗುಡ್ಡದಾಚೆ ಊರಿನ ಸ್ಕೂಲಿಗೆ ಸೇರಿಸ್ತಾರೆ. ನಾಕು ಕಿಲೋಮೀಟರ್. ಹುಡುಗರೇನೋ ಹೋಗ್ತಾರೆ. ಇವಳನ್ನ ಕಳಿಸ್ತೀಯಾ ನೀನು?"

ಅವ್ವ ನನ್ನ ಕಡೆ ನೋಡಿದಳು. ಮತ್ತೆ ಶೇಂಗಾ ಬಿಡಿಸತೊಡಗಿದಳು. ನನಗಾಗ ಒಂಬತ್ತು ವರ್ಷ. ಗುಡ್ಡದಲ್ಲಿ ಕರಡಿಗಳಿವೆ ಎಂದು ಗೊತ್ತಿತ್ತು. ನನ್ನನ್ನು ಕಳಿಸುವುದಿಲ್ಲ ಎಂದೂ ಗೊತ್ತಾಯಿತು. ಮೇಲೆ ತಾರಸಿ, ಆಚೆ ಗುಡ್ಡ. ಟೀಚರ್ ಎರಡರ ನಡುವೆ ಸಿಕ್ಕಿಕೊಂಡು ಗಳ ಹಿಡಿದು ಬಡಿಯುತ್ತಿದ್ದಾರೆ ಎಂಬುದು ಆ ವಯಸ್ಸಿಗೂ ಅರ್ಥವಾಯಿತು.

ಆ ವರ್ಷ ನಮ್ಮ ಕಡೆ ಎಂದೂ ಇಲ್ಲದ ಮಳೆ. ಮೂರು ದಿನ ಬಿಡದೆ ಸುರಿದು ನಾಲ್ಕನೇ ದಿನ ಬಿಸಿಲು ಬಿತ್ತು. ಟೀಚರ್ ಬೆಳಿಗ್ಗೆ ಗಳದಿಂದ ಬಡಿದು ನೋಡಿ ಎಂಟನೇ ಗೆರೆ ಎಳೆದಿದ್ದರು. ಬಿಸಿಯೂಟ ಮುಗಿದಿತ್ತು. ನಾನು ಕನ್ನಡ ಪುಸ್ತಕ ತೆರೆದು ಓದುತ್ತಿದ್ದೆ. ಹಾಳೆಯ ಮೇಲೆ ಬಿಳಿ ಪುಡಿ ಬಿತ್ತು. ಜರಡಿ ಹಿಡಿದ ಹಿಟ್ಟಿನ ಹಾಗೆ. ಕೈಯಲ್ಲಿ ಒರೆಸಿದೆ. ಮತ್ತೆ ಬಿತ್ತು. ತಲೆಯೆತ್ತುವಷ್ಟರಲ್ಲಿ ಚಪ್ಪಾಳೆ ಕೇಳಿಸಿತು, ಎರಡು ಸಲ.

ನಾವು ಓಡಿದೆವು. ಅಭ್ಯಾಸ ಆಗಿದ್ದರಿಂದ ಯಾರೂ ಯಾರ ಮೇಲೂ ಬೀಳಲಿಲ್ಲ. ಬೇವಿನ ಮರದ ಕೆಳಗೆ ನಿಂತು ಎಣಿಸಿಕೊಂಡೆವು. ಹದಿನೆಂಟು. ಮತ್ತೆ ಎಣಿಸಿದೆವು. ಹದಿನೆಂಟೇ.

"ಟೀಚರ್, ಓಬಮ್ಮ ಇಲ್ಲ!"

ಊಟವಾದ ಮೇಲೆ ಓಬಮ್ಮನಿಗೆ ನಿದ್ದೆ ಬರುತ್ತಿತ್ತು. ಪುಸ್ತಕದ ಬೀರುವಿನ ಹಿಂದಿನ ಸಂದಿಯಲ್ಲಿ ಹೋಗಿ ಮಲಗಿಬಿಡುತ್ತಿದ್ದಳು. ಟೀಚರ್ ಬಾಗಿಲಿಗೆ ಹೋಗಿ ನಿಂತರು. ಒಳಗೆ ಏನೋ ಸಣ್ಣಗೆ ಕಿರುಗುಟ್ಟುತ್ತಿತ್ತು. ಅವರ ಸೀರೆಯ ನೆರಿಗೆಯೆಲ್ಲ ಅಲುಗಾಡುವುದು ನಮಗೆ ಮರದ ಕೆಳಗಿನಿಂದ ಕಾಣುತ್ತಿತ್ತು. "ಓಬಮ್ಮಾ, ರಾ ಅಮ್ಮಾ, ರಾ" ಎಂದು ಕರೆದರು. ಒಳಗಿನಿಂದ ಉತ್ತರವಿಲ್ಲ. ಅವರು ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು, ಯಾರೋ ಒಳಕ್ಕೆ ಎಳೆಯುತ್ತಿದ್ದಾರೆ ಅನ್ನುವ ಹಾಗೆ. ನನಗೆ ಈಗಲೂ ನೆನಪಿದೆ, ಹೋಗಬೇಡಿ ಎಂದು ಕೂಗಬೇಕೆನಿಸಿತು. ಹೋಗಿ ಎಂದೂ ಕೂಗಬೇಕೆನಿಸಿತು.

ಅವರು ಕೈ ಬಿಟ್ಟು ಒಳಗೆ ಹೋದರು.

ಸದ್ದು ಮೊದಲು ಬಂತೋ ಧೂಳು ಮೊದಲು ಬಂತೋ ಗೊತ್ತಿಲ್ಲ. ಕಾಲ ಕೆಳಗಿನ ನೆಲ ನಡುಗಿತು. ಬಾಗಿಲು, ಕಿಟಕಿ ಎಲ್ಲದರಿಂದ ಬಿಳಿ ಹೊಗೆ ಉಗುಳಿದ ಹಾಗಾಯಿತು. ಚಿಕ್ಕ ಮಕ್ಕಳು ಒಟ್ಟಿಗೆ ಕಿರುಚಿದರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಆ ಹೊಗೆಯೊಳಗಿಂದ ಟೀಚರ್ ಬರುತ್ತಿದ್ದರು. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದರು. ಎಡಗೈಯಲ್ಲಿ ಓಬಮ್ಮನನ್ನು ಸೊಂಟಕ್ಕೆ ಅವುಚಿಕೊಂಡಿದ್ದರು. ಬಲಗೈ ಜೋತುಬಿದ್ದಿತ್ತು. ಭುಜದಿಂದ ರಕ್ತ ಇಳಿದು ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಮರದ ಕೆಳಗೆ ಬಂದು ಓಬಮ್ಮನನ್ನು ಇಳಿಸಿ, "ಎಣಿಸ್ರಿ" ಎಂದರು. ಹತ್ತೊಂಬತ್ತು ಎಂದೆವು. ಅಷ್ಟಾದ ಮೇಲೆ ನೆಲಕ್ಕೆ ಕುಸಿದು, ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದು ಅಳತೊಡಗಿದರು.

ಸದ್ದು ಕೇಳಿ ಊರೇ ಓಡಿಬಂತು. ಎಲ್ಲರಿಗಿಂತ ಮುಂದೆ ಅವ್ವ, ಸೊಂಟದಲ್ಲಿ ನೀರಿನ ಬಿಂದಿಗೆ. ಅವ್ವ ಟೀಚರ ಹತ್ತಿರ ಬಂದು ಒಂದು ಗಳಿಗೆ ನಿಂತಳು. ಕೆಳಗೆ ನೋಡಿದಳು. ಹಿಂದೆ ಬರುತ್ತಿದ್ದ ಗಂಡಸರ ಕಡೆ ನೋಡಿದಳು. ತಟ್ಟನೆ ಬಿಂದಿಗೆ ಎತ್ತಿ ಇಡೀ ನೀರನ್ನು ಟೀಚರ ಮೈಮೇಲೆ ಸುರಿದುಬಿಟ್ಟಳು. "ಮೈಯೆಲ್ಲಾ ಸುಣ್ಣ ಆಗೈತೆ, ಕಣ್ಣಿಗೆ ಹೋಗ್ತೈತೆ" ಎಂದು ಜೋರಾಗಿ ಹೇಳಿದಳು. ನೀರು ಬೀಳುವ ಮೊದಲೇ ಅವರ ಸೀರೆ ಸೊಂಟದ ಕೆಳಗೆ ಒದ್ದೆಯಾಗಿತ್ತು. ನಾನು ಅದನ್ನು ನೋಡಿದ್ದೆ. ಅವ್ವ ನೀರು ಸುರಿದದ್ದು ಯಾಕೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಟೀಚರಿಗೆ ಆಗಲೇ ತಿಳಿದಿತ್ತು. ಅವ್ವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು, ಬಿಡಲೇ ಇಲ್ಲ.

ಭುಜಕ್ಕೆ ಬಟ್ಟೆ ಕಟ್ಟಿದ ಮೇಲೆ, ಆಸ್ಪತ್ರೆಗೆ ಕರೆದೊಯ್ಯಲು ಆಟೊ ಬರುವ ಮೊದಲು, ಅವರು ನನ್ನನ್ನು ಕರೆದರು. ಬಲಗೈ ಏಳುತ್ತಿರಲಿಲ್ಲ. ನನ್ನ ಅಕ್ಷರ ದುಂಡಗಿತ್ತು. ನಮ್ಮ ಕಟ್ಟೆಯ ಮೇಲೆ ಕೂತು ಅವರು ಒಂದೊಂದೇ ಮಾತು ಹೇಳಿದರು, ನಾನು ಬರೆದೆ. ಶಾಲೆಯ ತಾರಸಿ ಕುಸಿದಿದೆ, ಮಕ್ಕಳೆಲ್ಲ ಕ್ಷೇಮ. "ಈ ಕಟ್ಟಡದಲ್ಲಿ ಮಕ್ಕಳನ್ನು ಕೂರಿಸಲು ನನಗೆ ಭಯವಾಗುತ್ತದೆ" ಎಂದು ಹೇಳಿದಾಗ ನಾನು ಪೆನ್ನು ನಿಲ್ಲಿಸಿದೆ.

"ಆಫೀಸಿಗೆ ಭಯ ಅಂತ ಬರೀಬಹುದಾ ಟೀಚರ್?"

"ಬರಿ. ಮೊದ್ಲೇ ಬರೀಬೇಕಿತ್ತು ಅದನ್ನ. ಬರೀದೇ ಇದ್ದು ತಪ್ಪು ಮಾಡ್ದೆ" ಎಂದು ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿದರು.

ಅವರು ಹೇಳಿದ ಹಾಗೆಯೇ ಆಯಿತು. ಇಬ್ಬರು ಬಂದು ನೋಡಿ ಬರೆದುಕೊಂಡು ಹೋದರು. ಆ ವರ್ಷದ ಉಳಿದ ದಿನವೆಲ್ಲ ಬೇವಿನ ಮರದ ಕೆಳಗೆ ಪಾಠ ನಡೆಯಿತು. ಆ ಬೇಸಿಗೆಯಲ್ಲಿ ನಮ್ಮ ಶಾಲೆಯನ್ನು ಗುಡ್ಡದಾಚೆ ಊರಿನ ಶಾಲೆಗೆ ಸೇರಿಸಿ ಆದೇಶ ಬಂತು. ಹುಡುಗರು ಸೈಕಲ್ಲಿನಲ್ಲಿ ಹೋಗುವುದೆಂದಾಯಿತು. ಹುಡುಗಿಯರ ಮಾತು ಯಾರೂ ಎತ್ತಲಿಲ್ಲ. ಅಪ್ಪ ನನಗೊಂದು ಸಣ್ಣ ಕೋಲು ಕಡಿದು ಕೊಟ್ಟ. ಕುರಿ ಹಿಂದೆ ಹೋಗಲು.

ಶಾಲೆ ಶುರುವಾಗುವ ಹಿಂದಿನ ವಾರ ಟೀಚರ್ ನಮ್ಮೂರಿಗೆ ಬಂದರು. ಅವರಿಗೂ ಇನ್ನು ಮೇಲೆ ಆಚೆ ಊರಿನ ಶಾಲೆಯಲ್ಲೇ ಕೆಲಸ ಎಂದು ಹೇಳಿದರು. ಹುಡುಗಿಯರಿದ್ದ ಐದು ಮನೆಗೂ ಹೋದರು. ನಮ್ಮ ಮನೆಗೆ ಕೊನೆಗೆ ಬಂದರು.

"ದಾರಿ ಸರಿ ಇಲ್ರಿ ಟೀಚರಮ್ಮ" ಎಂದ ಅಪ್ಪ. "ಕರಡಿ ಓಡಾಡ್ತವೆ. ಹೋದ್ವರ್ಷ ಒಬ್ಬನ ಮುಖ ಕಿತ್ತಿತ್ತು. ನಿಮಗೂ ಗೊತ್ತೈತೆ."

"ಗೊತ್ತೈತಣ್ಣ. ನಾನು ಜೊತೇಲಿ ನಡೀತೀನಿ."

"ನಿಮ್ಮ ಬಸ್ಸು ಸುತ್ತಿಕೊಂಡು ಸೀದಾ ಆ ಊರಿಗೇ ಹೋಗ್ತೈತಲ್ರಿ."

"ಇಲ್ಲಿ ಇಳೀತೀನಿ. ಇಲ್ಲಿಂದ ಇವರ ಜೊತೆ ನಡೀತೀನಿ. ಸಂಜೆನೂ ತಂದು ಬಿಡ್ತೀನಿ."

ಅಪ್ಪ ನಕ್ಕ. ಗೇಲಿ ಮಾಡಿ ನಕ್ಕಿದ್ದಲ್ಲ, ತಡೆಯಲಾಗದೆ ನಕ್ಕಿದ್ದು. "ನಾಯಿ ಕಂಡ್ರೆ ನನ್ನ ಮಗಳ ಚೀಲ ಹಿಡ್ಕಂತೀರಿ. ನೀವು ಕರಡಿ ಕಾಯ್ತೀರಾ?"

"ಕಾಯಕ್ಕೆ ನನ್ನ ಕೈಲಿ ಎಲ್ಲಾಗ್ತೈತೆ? ಹೆದರ್ತೀನಿ. ಹೆದರೋಳು ಸುತ್ತ ನೋಡ್ಕಂಡು ನಡೀತಾಳೆ, ಅಷ್ಟೇ. ಒಂದು ತಿಂಗಳು ಕಳಿಸಿ ನೋಡ್ರಿ."

ಒಳಗಿನಿಂದ ಅವ್ವ, "ಕಳಿಸ್ತೀವಿ ತಗಳ್ರಿ" ಎಂದಳು. ಅಪ್ಪ ಬಾಗಿಲ ಕಡೆ ತಿರುಗಿದ. ಅವ್ವ ಹೊರಗೆ ಬರಲಿಲ್ಲ. ಅಪ್ಪ ಒಪ್ಪಿಕೊಂಡ.

ಹಾಗೆ ಶುರುವಾಯಿತು ನಮ್ಮ ನಡಿಗೆ. ನಾವು ಐದು ಹುಡುಗಿಯರು ಮತ್ತು ಟೀಚರ್. ದಾರಿ ಅರ್ಧ ಹೊಲದ ಬದುವಿನ ಮೇಲೆ, ಅರ್ಧ ಗುಡ್ಡದ ಬುಡದಲ್ಲಿ. ಬುಡದ ದಾರಿಯ ಒಂದು ಪಕ್ಕ ಆನೆಗಾತ್ರದ ಗುಂಡುಗಳು, ನಡುನಡುವೆ ಕತ್ತಲೆಯ ಪೊಟರೆಗಳು, ಸೀತಾಫಲದ ಪೊದೆಗಳು, ಕರಡಿ ಕೆದರಿದ ಹುತ್ತಗಳು. ಕರಡಿಗೆ ಮನುಷ್ಯರು ಬರುವುದು ಮೊದಲೇ ಗೊತ್ತಾದರೆ ತಾನೇ ದೂರ ಹೋಗುತ್ತದೆ ಎಂದು ಯಾರನ್ನೋ ಕೇಳಿ ತಿಳಿದುಕೊಂಡಿದ್ದರು. ಅದಕ್ಕೇ ಬುಡದ ದಾರಿ ಬಂತೆಂದರೆ ನಾವು ಊಟದ ತಟ್ಟೆ ಬಡಿಯುತ್ತ, ಗಂಟಲು ಹರಿಯುವಂತೆ ಮಗ್ಗಿ ಕೂಗಬೇಕು. ಹನ್ನೆರಡರ ಮಗ್ಗಿ, ಹದಿಮೂರರ ಮಗ್ಗಿ, ಹತ್ತೊಂಬತ್ತರವರೆಗೂ. ನಮ್ಮಷ್ಟು ಚೆನ್ನಾಗಿ ಮಗ್ಗಿ ಬರುವವರು ಆ ಶಾಲೆಯಲ್ಲೇ ಇರಲಿಲ್ಲ. ಹೆದರಿಕೆಯಲ್ಲಿ ಕಲಿತದ್ದು, ಮರೆಯುವುದಿಲ್ಲ. ಟೀಚರ್ ಎಲ್ಲರಿಗಿಂತ ಮುಂದೆ, ಓಬಮ್ಮನ ಕೈ ಹಿಡಿದು. ಅವರ ಬೆನ್ನಿನ ರವಿಕೆ ಚಳಿಗಾಲದ ಬೆಳಿಗ್ಗೆಯೂ ಬೆವರಿಗೆ ಅಂಟಿರುತ್ತಿತ್ತು.

ಡಿಸೆಂಬರಿನ ಒಂದು ದಿನ ಮಂಜು ಬಿದ್ದಿತ್ತು. ಹತ್ತು ಹೆಜ್ಜೆಯಾಚೆ ಏನೂ ಕಾಣದು. ಹದಿನಾರರ ಮಗ್ಗಿ ನಡೆಯುತ್ತಿತ್ತು. ಟೀಚರ್ ನಿಂತರು. ನಾವು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತೆವು. ಎದುರಿಗೆ ದಾರಿಯ ನಡುವೆ, ನಾನು ಬಂಡೆ ಎಂದುಕೊಂಡದ್ದು, ತಲೆಯೆತ್ತಿತು. ಅದರ ಬೆನ್ನ ಮೇಲೆ ಮರಿ. ಮರಿ ಹೊತ್ತ ಕರಡಿ ಎಲ್ಲಕ್ಕಿಂತ ಕೆಟ್ಟದ್ದೆಂದು ಅಪ್ಪ ಹೇಳಿದ್ದ. ಅದು ಉಸಿರು ಬಿಡುವ ಸದ್ದು ನಮಗೆ ಕೇಳುತ್ತಿತ್ತು. ಹಿಂಗಾಲ ಮೇಲೆ ಎದ್ದು ನಿಂತಿತು. ಎದೆಯ ಮೇಲಿನ ಬಿಳಿ ಪಟ್ಟೆ ಕಾಣಿಸಿತು.

ಟೀಚರ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಉಗುರು ಚರ್ಮದೊಳಗೆ ಇಳಿಯಿತು.

"ಓಡಬ್ಯಾಡ್ರಿ" ಎಂದರು. ಪಿಸುಮಾತಿನಲ್ಲಿ. "ಚಿಕ್ಕೋಳು ಮೊದ್ಲು. ಹಿಂದಕ್ಕೆ. ಒಂದೊಂದೇ ಹೆಜ್ಜೆ."

ಓಬಮ್ಮನನ್ನು ಹಿಂದಕ್ಕೆ ದಾಟಿಸಿದೆವು. ಒಂದು ಹೆಜ್ಜೆ. ಇನ್ನೊಂದು. ಟೀಚರ್ ಕರಡಿಗೆ ಬೆನ್ನು ಹಾಕಲಿಲ್ಲ. ನಾವೆಲ್ಲ ಅವರ ಸೀರೆಯ ಹಿಂದೆ. ಎಷ್ಟು ಹೊತ್ತು ಹಾಗೆ ಸರಿದೆವೋ ತಿಳಿಯದು. ಕರಡಿ ಕೆಳಗಿಳಿದು, ಒಂದು ಸಲ ಗುರುಗುಟ್ಟಿ, ಮರಿಯನ್ನು ಹೊತ್ತುಕೊಂಡು ಗುಂಡುಗಳ ಸಂದಿಗೆ ನುಗ್ಗಿತು. ಕಲ್ಲು ಉರುಳುವ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು. ನಾವು ಊರಿಗೆ ವಾಪಸ್ಸು ಓಡಿದೆವು. ಹೊಲ ಸಿಕ್ಕ ಮೇಲೆ ಟೀಚರ್ ಬದುವಿನ ಮೇಲೆ ಕೂತು ವಾಂತಿ ಮಾಡಿಕೊಂಡರು.

ನಮ್ಮಲ್ಲಿ ದೊಡ್ಡವಳು, "ಮನೇಲಿ ಹೇಳೋದು ಬ್ಯಾಡ ಟೀಚರ್. ಹೇಳಿದ್ರೆ ಬಿಡಿಸಿಬಿಡ್ತಾರೆ" ಎಂದಳು. ಎಲ್ಲರೂ ಹೂಂ ಎಂದೆವು. ನನಗೆ ಕರಡಿಗಿಂತ ಆ ಕುರಿ ಕೋಲಿನ ಹೆದರಿಕೆ ಹೆಚ್ಚಾಗಿತ್ತು.

ಟೀಚರ್ ಬಾಯಿ ಒರೆಸಿಕೊಂಡರು. "ಹೇಳ್ಬೇಕು. ಒಂದ್ಸಲ ಮುಚ್ಚಿಟ್ಟು ನೋಡಿದೀನಿ. ಓಬಮ್ಮ ಸಾಯ್ತಿದ್ಲು. ಇನ್ನೊಂದ್ಸಲ ಅದನ್ನ ಮಾಡಲ್ಲ."

ತಾವೇ ಬಂದರು. ಕಟ್ಟೆಯ ಮೇಲಿದ್ದ ಗಂಡಸರ ಮುಂದೆ ನಿಂತು, ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಎಷ್ಟು ಹತ್ತಿರ ಬಂದಿತ್ತು, ತಾವು ಎಷ್ಟು ಹೆದರಿದ್ದರು, ಎಲ್ಲ. ಯಾರೋ ರೇಗಿದರು. "ನಿಮ್ಮ ಮಾತು ಕೇಳಿ ಮಕ್ಕಳನ್ನ ಕಳಿಸಿದ್ವಲ್ಲ" ಎಂದರು. ಟೀಚರ್ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ, "ನಾನೊಬ್ಳೇ ಸಾಲಲ್ಲ. ಜೊತೆಗೆ ಯಾರಾದ್ರೂ ಬರ್ರಿ. ಬರಲ್ಲ ಅಂದ್ರೂ ನಾಳೆ ನಾನು ಬಂದು ಇಲ್ಲೇ ನಿಂತಿರ್ತೀನಿ. ಕಳಿಸೋದು ಬಿಡೋದು ನಿಮಗೆ ಬಿಟ್ಟಿದ್ದು" ಎಂದು ಹೇಳಿ ಬಸ್ಸಿಗೆ ಹೋದರು.

ಮರುದಿನ ಬಸ್ಸು ಬಂತು. ಅವರು ಇಳಿದು ನಿಂತರು. ಯಾವ ಮನೆಯ ಬಾಗಿಲೂ ತೆರೆಯಲಿಲ್ಲ. ನಾನು ಚೀಲ ಹಾಕಿಕೊಂಡು ಒಳಗೇ ನಿಂತು ಕಿಟಕಿಯಿಂದ ನೋಡುತ್ತಿದ್ದೆ. ನಾಯಿಗಳು ಅವರ ಸುತ್ತ ಬಂದು ಮೂಸತೊಡಗಿದವು. ಅವರು ಕದಲಲಿಲ್ಲ. ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಅಪ್ಪ ಅಂಗಳದಲ್ಲಿ ಕೂತು ಅದನ್ನೆಲ್ಲ ನೋಡುತ್ತಿದ್ದ. ಕೊನೆಗೆ ಎದ್ದು ಹೆಗಲಿಗೆ ಕಂಬಳಿ ಹಾಕಿಕೊಂಡ. ದೊಡ್ಡ ಕೋಲು ತೆಗೆದುಕೊಂಡ. "ಬಾರೇ" ಎಂದ ನನಗೆ. ಆಮೇಲೆ ಓಣಿಯ ಕಡೆ ತಿರುಗಿ, "ಲೇ, ಮಕ್ಕಳನ್ನ ಕಳಿಸ್ರೋ, ಟೀಚರಮ್ಮ ಎಷ್ಟೊತ್ತು ನಿಲ್ತಾರೆ" ಎಂದು ಕೂಗಿದ. ಅಂದಿನಿಂದ ದಿನಕ್ಕೊಬ್ಬರಂತೆ ಐದು ಮನೆಯ ಗಂಡಸರು ನಮ್ಮ ಹಿಂದೆ ನಡೆದರು. ಕುರಿಗಳನ್ನೂ ಅದೇ ಕಡೆ ಹೊಡೆದರು. ನಾನು ಏಳನೇ ತರಗತಿ ಮುಗಿಸುವವರೆಗೂ. ಟೀಚರ್ ಒಟ್ಟು ಮೂರು ವರ್ಷವೂ ಮುಂದೆಯೇ ನಡೆದರು.

ಆಮೇಲೆ ನಾನು ದೇವಸಮುದ್ರದ ಹೈಸ್ಕೂಲಿಗೆ, ಅಲ್ಲಿಂದ ಮೊಳಕಾಲ್ಮೂರಿಗೆ, ಕೊನೆಗೆ ನರ್ಸಿಂಗ್ ಓದಲು ಹೋದೆ. ಈಗ ಚಳ್ಳಕೆರೆಯ ಒಂದು ಆಸ್ಪತ್ರೆಯಲ್ಲಿ ಕೆಲಸ. ಟೀಚರ್ ಅದೇ ಊರಿನವರಾದರೂ ವರ್ಷಕ್ಕೊಂದು ಸಲ ಹೋಗಿ ನೋಡಿಬರುವಷ್ಟು ಬುದ್ಧಿ ನನಗಿರಲಿಲ್ಲ. ಹೋಗೋಣ, ಹೋಗೋಣ ಎಂದುಕೊಂಡೇ ದಿನ ಕಳೆದವು.

ಹೋದ ವರ್ಷ ಒಂದು ಮಧ್ಯಾಹ್ನ ಅವರೇ ಬಂದರು. ಗಾಲಿಕುರ್ಚಿಯಲ್ಲಿ. ಉಸಿರಾಟಕ್ಕೆ ಕಷ್ಟವಾಗುತ್ತಿತ್ತು. ಹೃದಯದ ತೊಂದರೆ, ದಾವಣಗೆರೆಗೆ ಕರೆದುಕೊಂಡು ಹೋಗಬೇಕು ಎಂದರು ಡಾಕ್ಟರು. ಆಂಬುಲೆನ್ಸಿನಲ್ಲಿ ಹೋಗಲು ನಾನೇ ಕೇಳಿಕೊಂಡೆ. ಆಮ್ಲಜನಕದ ಮುಖವಾಡದೊಳಗೆ ಅವರ ಕಣ್ಣು ದೊಡ್ಡದಾಗಿ ತೆರೆದಿತ್ತು. ನನ್ನ ಗುರುತು ಹಿಡಿದಿದ್ದರು. ಮುಖವಾಡ ಸರಿಸಿ, "ನನಗೇನಾಗ್ತೈತೆ ಹೇಳೇ" ಎಂದು ಕೇಳಿದರು.

ಇಂಥ ಹೊತ್ತಿಗೆ ಏನು ಹೇಳಬೇಕೆಂದು ನಮಗೆ ಕಲಿಸಿರುತ್ತಾರೆ. ಏನೂ ಆಗಲ್ಲ, ಧೈರ್ಯವಾಗಿರಿ ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳುತ್ತೇನೆ. ಅವರಿಗೆ ಹೇಳಲು ನಾಲಿಗೆ ಏಳಲಿಲ್ಲ. "ಗೊತ್ತಿಲ್ಲ ಟೀಚರ್. ನನಗೂ ಹೆದರಿಕೆ ಆಗ್ತೈತೆ" ಎಂದೆ. ಅವರು ತಲೆಯಾಡಿಸಿದರು. ನಾನು ಸರಿ ಉತ್ತರ ಕೊಟ್ಟಾಗ ತಲೆಯಾಡಿಸುತ್ತಿದ್ದಂತೆ. ನಾನು ಮುಖವಾಡವನ್ನು ಮತ್ತೆ ಅವರ ಮೂಗಿನ ಮೇಲೆ ಸರಿಯಾಗಿ ಕೂರಿಸಿದೆ. ಮೂರನೇ ದಿನ ಅವರು ಹೋದರು. ನಾನು ಆಗ ಡ್ಯೂಟಿಯಲ್ಲಿದ್ದೆ.

ಮಣ್ಣು ಮಾಡಿ ಬಂದ ಮೇಲೆ ಅವರ ಮನೆಗೆ ಹೋದೆ. ಮೊಳಕಾಲ್ಮೂರಿನ ಕಾಲೇಜಿನಲ್ಲಿ ಓದುತ್ತಿರುವ ಓಬಮ್ಮನೂ ಬಂದಿದ್ದಳು. ಟೀಚರ ಯಜಮಾನರು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರು. ಹಣೆಗೆ ವಿಭೂತಿ, ಕಡಿಮೆ ಮಾತಿನವರು. ನಾವು ಯಾವ ಊರಿನವರೆಂದು ಕೇಳಿ ತಿಳಿದ ಮೇಲೆ ನಮ್ಮಿಬ್ಬರ ಮುಖ ನೋಡಿದರು.

"ನಿಮ್ಮ ಶಾಲೆ ಮುಚ್ಚಿದ ವರ್ಷ ಇವಳಿಗೆ ಚಳ್ಳಕೆರೆಗೇ ವರ್ಗ ಆಗಿತ್ತು. ಮನೆಯಿಂದ ಹತ್ತು ನಿಮಿಷದ ದಾರಿ. ಎಷ್ಟೋ ವರ್ಷದಿಂದ ಕೇಳ್ಕಂಡಿದ್ದು ಸಿಕ್ಕಿತ್ತು. ಬ್ಯಾಡ ಅಂತ ಬರೆದುಕೊಟ್ಟು ಬಂದ್ಲು. ನನಗೆ ಹೇಳಿದ್ದು ಆಮೇಲೆ. ಆರು ತಿಂಗಳು ಸರಿಯಾಗಿ ಮಾತಾಡಿಸಲಿಲ್ಲ ನಾನು ಅವಳನ್ನ" ಎಂದರು.

ಓಬಮ್ಮ ನನ್ನ ಕಡೆ ತಿರುಗಿದಳು. ನಮಗಿಬ್ಬರಿಗೂ ಆ ವಿಷಯ ಗೊತ್ತೇ ಇರಲಿಲ್ಲ. ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನ ಮುಂದೆ ನಿಂತು ಒಂದು ತಿಂಗಳು ಕಳಿಸಿ ನೋಡಿ ಎಂದು ಕೇಳಿದ ದಿನ, ನಮ್ಮ ಕಡೆ ಬರಲೇಬೇಕೆಂಬ ಕಟ್ಟುಪಾಡು ಟೀಚರಿಗೆ ಇರಲೇ ಇಲ್ಲ.

ಯಜಮಾನರು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. "ಮನೇಲಿ ಹಲ್ಲಿ ಬಿದ್ರೆ ಕೂಗ್ಕಂತಿದ್ಲಮ್ಮ. ಆ ಗುಡ್ಡದ ದಾರೀಲಿ ಹೆಂಗೆ ಬರ್ತಿದ್ಲು?"

"ಹೆದರ್ಕಂಡೇ ಬರ್ತಿದ್ರು ಸಾರ್" ಎಂದೆ. "ಒಂದು ದಿನಾನೂ ತಪ್ಪಿಸ್ಲಿಲ್ಲ."